ಅಣ್ಣ ಸಾಯಬೇಕಿದ್ದ ದೃಶ್ಯ

ನಮ್ಮೂರಲ್ಲಿ ನಾಟಕ ಆಡುತ್ತಾರಂತೆ ಎಂಬ ಸುದ್ದಿ ಕಿವಿಗೆ ಬಿದ್ದಾಗ ನಾನು ದುರ್ಗದಲ್ಲಿ ಬಿ.ಎ. ಓದುತ್ತಿದ್ದೆ. ರಜೆ ಸಿಕ್ಕಿದ್ದೇ ತಡ ತುರುವನೂರಿನ ಬಸ್ಸು ಹತ್ತಿ, ಅಲ್ಲಿಂದ ನಡೆದು ಊರು ಮುಟ್ಟುವಷ್ಟರಲ್ಲಿ ಪಾತ್ರಗಳೆಲ್ಲ ಹಂಚಿಹೋಗಿದ್ದವು. ಓದಿದ ತಮ್ಮನ ಪಾತ್ರ ನನಗೇ ಎಂದು ನನ್ನನ್ನು ಕೇಳದೆಯೇ ತೀರ್ಮಾನವಾಗಿತ್ತು. ಇದಕ್ಕೆ ಕಾರಣ ನನ್ನ ಪ್ರತಿಭೆಯಲ್ಲ. ಇಡೀ ಊರಿಗೆ ಬೆಲ್‌ಬಾಟಮ್ ಪ್ಯಾಂಟು ಇದ್ದದ್ದು ನನ್ನೊಬ್ಬನ ಹತ್ತಿರ. ಆದರೆ ನನ್ನನ್ನು ಕುಣಿದಾಡುವಂತೆ ಮಾಡಿದ ಸುದ್ದಿ ಬೇರೆ. ಅಣ್ಣನ ಪಾತ್ರಕ್ಕೆ, ಅಂದರೆ ನಾಟಕದ ಹೀರೋ ಪಾತ್ರಕ್ಕೆ, ನನ್ನ ಸ್ವಂತ ಅಣ್ಣನೇ ನಿಂತುಬಿಟ್ಟಿದ್ದ!

ಅಣ್ಣ ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು. ಇಬ್ಬರಲ್ಲಿ ಒಬ್ಬ ಕುರಿ ಹಿಂದೆ ಹೋಗಲೇಬೇಕಿತ್ತು. ಅವನು ಹೋದ, ನಾನು ಓದಿದೆ. ಮನೆಯಲ್ಲಿ ಆ ಬಗ್ಗೆ ಯಾರೂ ಮಾತೆತ್ತಿದ್ದಿಲ್ಲ. ಅವನಾಗಿ ಏನನ್ನೂ ಕೇಳಿದವನಲ್ಲ, ಕೇಳಿದ್ದು ಇದೊಂದೇ. ಹೊಳಲ್ಕೆರೆಯಲ್ಲಿ ಯಾವುದೋ ಕಂಪನಿ ನಾಟಕ ನೋಡಿ ಬಂದ ಮೇಲೆ ತಾನೂ ಬಣ್ಣ ಹಚ್ಚಬೇಕೆಂಬ ಹುಚ್ಚು ಅವನಿಗೆ ಹತ್ತಿತ್ತು. ಅಪ್ಪನಿಗೋ ನಾಟಕವೆಂದರೆ ಮೈಯೆಲ್ಲ ಉರಿ.

"ಮಖಕ್ಕೆ ಬಣ್ಣ ಬಳ್ಕಂಡು ಕುಣಿಯಾದು ನಮ್ ಮನೆತನದಾಗೆ ಯಾರೂ ಮಾಡಿಲ್ಲ" ಎಂದು ಅಪ್ಪ ಮೂರು ದಿನ ಕೂಗಾಡಿದ. ನಾಲ್ಕನೆಯ ದಿನ ಒಂದು ಷರತ್ತು ಹಾಕಿದ. "ಇದೊಂದ್ ಸಲ ಆಡು. ಎಲ್ಲಾದ್ರೂ ತೊದಲಿದ್ಯೋ, ಜನ ನಕ್ರೋ, ಅಲ್ಲಿಗೆ ಮುಗೀತು. ಆಮ್ಯಾಕೆ ಈ ಜನ್ಮದಾಗೆ ಬಣ್ಣದ ಸುದ್ದಿ ಎತ್ತಂಗಿಲ್ಲ."

"ಆತಪ್ಪ" ಎಂದ ಅಣ್ಣ. ಅಷ್ಟಕ್ಕೇ ಅವನ ಮುಖ ಅರಳಿತು.

ಸರಿಯಾಗಿ ಓದಲು ಬಾರದವನಿಗೆ ದೊಡ್ಡ ಪಾತ್ರವೇ ಎಂದು ಹಿರಿಯೂರಿನಿಂದ ಬಂದಿದ್ದ ಹಾರ್ಮೋನಿಯಂ ಮೇಷ್ಟ್ರು ತಲೆ ಚಚ್ಚಿಕೊಂಡರು. ರಜೆಯುದ್ದಕ್ಕೂ ನಾನು ನಾಟಕದ ಪುಸ್ತಕ ಹಿಡಿದು ಕುರಿಗಳ ಹಿಂದೆ ಅಲೆದೆ. ನಾನು ಒಂದು ಸಲ ಓದುವುದು, ಅವನು ಎರಡು ಸಲ ಹೇಳುವುದು. ಮೂರನೆಯ ಸಲಕ್ಕೆ ಆ ಮಾತು ಅವನದೇ ಆಗಿರುತ್ತಿತ್ತು. ಹದಿನೈದು ದಿನಕ್ಕೆ ತನ್ನ ಮಾತಿರಲಿ, ನನ್ನ ಮಾತೂ, ಅವನ ಹೆಂಡತಿಯಾಗಿ ಬರಬೇಕಿದ್ದ ನಟಿಯ ಮಾತೂ ಅವನಿಗೆ ಬಾಯಿಪಾಠ! ಬಿ.ಎ. ಓದುವ ಜಾಣ ನಾನು ಇನ್ನೂ ಎರಡನೇ ದೃಶ್ಯದಲ್ಲೇ ಮುಗ್ಗರಿಸುತ್ತಿದ್ದೆ.

"ಲೇ, ನಿನ್ನ ಪಾಸ್ ಮಾಡ್ದೋರು ಯಾರ್ಲೇ?" ಎಂದು ಅಣ್ಣ ಬಿದ್ದು ಬಿದ್ದು ನಗುತ್ತಿದ್ದ.

ಕಥೆ ಸರಳ. ತಂದೆಯಿಲ್ಲದ ತಮ್ಮನನ್ನು ದೊಡ್ಡ ಆಫೀಸರ್ ಮಾಡಬೇಕೆಂದು ಅಣ್ಣ ಹೊಲ ಮಾರುತ್ತಾನೆ, ಕುರಿ ಮಾರುತ್ತಾನೆ, ಮಾರಲು ಬೇರೇನೂ ಉಳಿಯದಾಗ ಹೆಗಲ ಮೇಲಿನ ಕಂಬಳಿಯನ್ನೂ ಮಾರುತ್ತಾನೆ. ಕಡೆಯ ದೃಶ್ಯದಲ್ಲಿ ಚಳಿಜ್ವರದಿಂದ ನಡುಗುತ್ತಾ, ತಡವಾಗಿ ಬಂದ ತಮ್ಮನ ತೊಡೆಯ ಮೇಲೆ ಪ್ರಾಣ ಬಿಡುತ್ತಾನೆ. ಆ ಸಾವಿನ ಮೇಲೆಯೇ ಮೇಷ್ಟ್ರ ಭರವಸೆಯೆಲ್ಲ ನಿಂತಿತ್ತು.

ನಾಟಕದ ದಿನ ಹೊತ್ತು ಮುಳುಗುವ ಮುಂಚೆಯೇ ಚಾಪೆಗಳು ಬಿದ್ದವು. ಹಿರೇಗುಂಟನೂರಿನಿಂದಲೂ ಜನ ಗಾಡಿ ಕಟ್ಟಿಕೊಂಡು ಬಂದಿದ್ದರು. ಅಪ್ಪ ಎಲ್ಲರಿಗಿಂತ ಮುಂದೆ, ಆ ವರ್ಷವೇ ನೇಯಿಸಿದ್ದ ಕರಿ ಕಂಬಳಿ ಹೊದ್ದು, ಪರೀಕ್ಷೆ ತೆಗೆದುಕೊಳ್ಳುವವನ ಹಾಗೆ ಕೂತಿದ್ದ. ಪರದೆಯ ಸಂದಿಯಿಂದ ಅವನನ್ನು ನೋಡಿದ ನಾನು ನನ್ನ ಮೊದಲ ಮಾತನ್ನೇ ಮತ್ತೆ ಮತ್ತೆ ಗುನುಗತೊಡಗಿದೆ. ಅಣ್ಣನಿಗೆ ಹೆದರಿಕೆಯೂ ಇಲ್ಲ, ಮಣ್ಣೂ ಇಲ್ಲ. "ಹೋಗಾಣ ಬಾರಲೇ!" ಎಂದು ನನ್ನ ಬೆನ್ನಿಗೆ ಗುದ್ದಿ ಒಳನುಗ್ಗಿದ.

ಏನು ಆಡಿದ ಅಂತೀರಿ! ಒಂದು ಅಕ್ಷರ ತೊದಲಲಿಲ್ಲ. ನಾನು ಮಾತು ಮರೆತು ಬಾಯಿ ಬಿಟ್ಟು ನಿಂತ ಕಡೆ, "ನೀನು ಹೀಗೆ ಹೇಳಬೇಕೆಂದಿರುವೆಯಲ್ಲವೇ ತಮ್ಮಾ" ಎಂದು ನನ್ನ ಮಾತನ್ನೂ ತಾನೇ ಆಡಿ ದಾಟಿಸಿದ. ಜನ ಶಿಳ್ಳೆ ಹಾಕಿದರು. ನನಗಂತೂ ಎದೆ ಹಿಗ್ಗಿ ಅಂಗಿ ಗುಂಡಿ ಕಿತ್ತುಹೋಗುವುದೊಂದು ಬಾಕಿ.

ನಮ್ಮ ಕಡೆ ನಾಟಕಕ್ಕೆ ಮುಯ್ಯಿ ಮಾಡುವ ಪದ್ಧತಿ ಇತ್ತು. ಪಾತ್ರಧಾರಿ ಮೆಚ್ಚುಗೆಯಾದರೆ ನೆಂಟರಿಷ್ಟರು ನಡುವೆಯೇ ಸ್ಟೇಜು ಹತ್ತಿ ಹಾರ ಹಾಕಿ, ಟವೆಲ್ ಹೊದಿಸಿ ಇಳಿಯುತ್ತಿದ್ದರು. ಅಲ್ಲಿಯವರೆಗೆ ಕಥೆ ನಿಂತಿರಬೇಕು. ಅವತ್ತು ಅಣ್ಣನಿಗೆ ನಾಲ್ಕು ಹಾರ ಬಿದ್ದಿದ್ದವು. ಅಪ್ಪ ಮಾತ್ರ ಕೂತಲ್ಲಿಂದ ಅಲುಗಿರಲಿಲ್ಲ.

ಕಡೆಯ ದೃಶ್ಯ ಬಂತು. ಹರಕು ಬನಿಯನ್ನಿನಲ್ಲಿ ಅಣ್ಣ ನೆಲದ ಮೇಲೆ ಮುದುಡಿಕೊಂಡು ಗಡಗಡ ನಡುಗತೊಡಗಿದ. ತಡವಾಗಿ ಬಂದ ತಮ್ಮನಾಗಿ ನಾನು ಓಡಿಬಂದು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಅಷ್ಟರಲ್ಲಿ ಅಪ್ಪ ಎದ್ದ. ನೇರ ಸ್ಟೇಜಿಗೆ ಬಂದು ತನ್ನ ಕಂಬಳಿ ತೆಗೆದು ಅಣ್ಣನ ಮೈಮೇಲೆ ಹೊದಿಸಿದ. "ಹೊದ್ಕಳಲೇ" ಎಂದಷ್ಟೇ ಹೇಳಿ ಇಳಿದು ಹೋದ. ಮುಯ್ಯಿ ಎಂದು ಹೊದಿಸಿದನೋ, ಮಗ ನಡುಗುತ್ತಿದ್ದಾನೆಂದು ಹೊದಿಸಿದನೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಕಂಬಳಿ ಮಾರಿ ಚಳಿಯಿಂದ ಸಾಯಬೇಕಾದವನ ಮೈಮೇಲೆ ಈಗ ಹೊಚ್ಚ ಹೊಸ ಕಂಬಳಿ! ಟವೆಲ್ಲಾದರೆ ಪಕ್ಕಕ್ಕೆ ಎಸೆಯಬಹುದಿತ್ತು. ಕುರಿ ಕಾಯುವ ನಮ್ಮವರಲ್ಲಿ ಕಂಬಳಿ ಎಂದರೆ ದೇವರಿಗೆ ಹಾಸುವ ವಸ್ತು. ಹಿರಿಯರು ಹೊದಿಸಿದ್ದನ್ನು ನೆಲಕ್ಕೆ ಹಾಕುವಂತಿಲ್ಲ. "ತಗೀರಿ, ತಗೀರಿ ಅದನ್ನ" ಎಂದು ಮೇಷ್ಟ್ರು ಪಕ್ಕದಿಂದ ಹಲ್ಲು ಕಡಿದರು. ಹಿಂದುಗಡೆ ಯಾರೋ ಕಿಸಕ್ಕೆಂದರು. ಇನ್ನಿಬ್ಬರು ಸೇರಿಕೊಂಡರು. ಜನ ನಕ್ಕರೆ ಮುಗಿಯಿತೆಂದವನು ಅಪ್ಪ, ನಗುವಂತೆ ಮಾಡಿದವನೂ ಅವನೇ. ನನಗೆ ಸಿಟ್ಟು ನೆತ್ತಿಗೇರಿತು.

ಅಣ್ಣ ನಿಧಾನಕ್ಕೆ ಎದ್ದು ಕೂತ. ಕಂಬಳಿ ತೆಗೆದು ನನ್ನ ಹೆಗಲಿಗೆ ಹೊದಿಸಿ, ಪುಸ್ತಕದಲ್ಲಿ ಎಲ್ಲೂ ಇಲ್ಲದ ಮಾತು ಹೇಳಿದ. "ಇದು ಅಪ್ಪನ ಕಂಬಳಿ ತಮ್ಮಾ. ನನಗೆ ಬಯಲಿನ ಚಳಿ ರೂಢಿಯಾಗಿದೆ. ಪಟ್ಟಣದಲ್ಲಿ ನಿನಗೆ ಹೊದಿಸುವವರು ಯಾರಿದ್ದಾರೆ? ನೀನೇ ಹೊದ್ದುಕೋ."

ನಗು ನಿಂತಿತು. ಆಗ ಅಪ್ಪ ಕೂತಲ್ಲಿಂದಲೇ ಕೂಗಿದ.

"ಲೇ, ಅದು ನಿಂಗೆ ಕೊಟ್ಟಿದ್ದು ಕಣ್ಲೇ! ಎಲ್ಲಾನೂ ಅವನಿಗೇ ಕೊಟ್ಯಲ್ಲೋ, ಇದೊಂದನ್ನಾದ್ರೂ ನೀನು ಇಟ್ಕಳಲೇ!"

ಯಾರೂ ನಗಲಿಲ್ಲ. ನನಗೆ ಅಳು ಒತ್ತರಿಸಿ ಬಂತು, ನಾಚಿಕೆಯೂ ಆಯಿತು. ಕಂಬಳಿ ತೆಗೆದು ಅಣ್ಣನಿಗೆ ಹೊದಿಸಿ, ಅವನ ಕಾಲು ಹಿಡಿದುಕೊಂಡುಬಿಟ್ಟೆ. ಕಾಲು ಹಿಡಿಯುವುದೂ ಪುಸ್ತಕದಲ್ಲಿರಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ಹೊಡೆಯತೊಡಗಿದರು. ಅಣ್ಣ ಸಾಯುವುದನ್ನು ಮರೆತು ನನ್ನ ತಲೆ ಸವರುತ್ತಾ ಕೂತ. ದಾರಿ ಕಾಣದೆ ಮೇಷ್ಟ್ರು ಪರದೆ ಬಿಡಿಸಿದರು.

ಅಪ್ಪ ಒಳಗೆ ಬಂದಾಗ ಅಣ್ಣ ಕೊಬ್ಬರಿ ಎಣ್ಣೆಯಲ್ಲಿ ಬಣ್ಣ ಒರೆಸಿಕೊಳ್ಳುತ್ತಿದ್ದ. ಅಪ್ಪ ಅವನ ಕಡೆ ತಿರುಗಿಯೂ ನೋಡದೆ ಮೇಷ್ಟ್ರ ಮುಂದೆ ಹೋಗಿ ನಿಂತ.

"ಮುಂದಿನ ಸಲ ನನ್ ಮಗನಿಗೆ ಸಾಯಾ ಪಾರ್ಟು ಕೊಡಬ್ಯಾಡ್ರಿ ಮೇಷ್ಟ್ರೇ" ಎಂದ.