ಸತ್ತವಳು ತಲೆ ಬಾಚಿದ ಪುಸ್ತಕ

ನನ್ನ ಮೈದುನ ಕೂತು ಓದಿದ್ದನ್ನು ನಾನು ಕಂಡಿಲ್ಲ. ಹಳೆಯ ಪುಸ್ತಕಗಳಿಗೆ ಹೊಸ ರಟ್ಟು ಕಟ್ಟುವುದು ನಮ್ಮಿಬ್ಬರ ಕಸುಬು. ಲೈಬ್ರರಿಯಿಂದ ಬಂದ ಹರಕು ಪುಸ್ತಕದ ದಾರ ಕೊಯ್ದು, ಹದಿನಾರು ಪುಟದ ಒಂದೊಂದೇ ಫಾರಂ ಬಿಡಿಸಿ ಅವನು ಕೊಡಬೇಕು, ನಾನು ಸಾಲಾಗಿ ಹೊಲಿಯಬೇಕು. ಅವನೋ ಕೊಡುವ ಮುಂಚೆ ಓದುತ್ತಾನೆ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಅಂಟಿನ ಬೋಗುಣಿಗೆ, ಕಾಲಿಗೆ ಚಕ್ರ ಕಟ್ಟಿಕೊಂಡವನ ಹಾಗೆ ತಿರುಗುತ್ತಲೇ ಓದುತ್ತಾನೆ. ಓದಿದ್ದನ್ನು ಯಾರಿಗಾದರೂ ಹೇಳದಿದ್ದರೆ ಹೊಟ್ಟೆಯುಬ್ಬರ ಬೇರೆ. ನಾನು ಕಲಿತದ್ದು ನಾಲ್ಕನೇ ಕ್ಲಾಸು. ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ, ಅಂಕಿಯಲ್ಲಿ ಮಾತ್ರ ಎಡವುವುದಿಲ್ಲ. ನನ್ನ ಪುಸ್ತಕಗಳೆಲ್ಲ ಕಿವಿಯಿಂದ ಒಳಗೆ ಬಂದವು.

ಹೋದ ತಿಂಗಳು ಮೂರು ಮುಗಿಸಿದ. ಮೊದಲನೆಯದು ಹಡಗಿನ ಅಡಿಗೆಯವನೊಬ್ಬ ಬರೆದ ತನ್ನ ಕಥೆ.

"ಸಮುದ್ರದ ಬಗ್ಗೆ ಒಂದು ಸಾಲೂ ಇಲ್ಲ ಅತ್ತಿಗೆ. ಬರೀ ಈರುಳ್ಳಿ ಹೆಚ್ಚೋದು. ಆದ್ರೂ ಓದ್ತಾ ಓದ್ತಾ ನೆಲ ತೂಗಿದ ಹಾಗಾಗುತ್ತೆ."

ಎರಡನೆಯದು ಗಂಡ ಹೆಂಡಿರ ಜಗಳ, ಮುನ್ನೂರು ಪುಟ. "ನಲವತ್ತನೇ ಪುಟದಲ್ಲೇ ಯಾರಾದ್ರೂ ಒಬ್ರು ತಪ್ಪಾಯ್ತು ಅಂದಿದ್ರೆ ಇಷ್ಟು ಕಾಗದ ಉಳೀತಿತ್ತು" ಅಂದ.

ಮೂರನೆಯದು ಸಣ್ಣ ಕಾದಂಬರಿ. ಅದನ್ನು ಮುಗಿಸಿದ ದಿನದಿಂದ ಅವನಿಗೆ ಊಟವೂ ನಿಂತುಕೊಂಡೇ. ಕಥೆಯಲ್ಲಿ ತಾಯಿ ಸಾಯುತ್ತಾಳೆ. ಮುಂದಿನ ಫಾರಂನಲ್ಲಿ ಬಂದು ಮಗನ ತಲೆ ಬಾಚುತ್ತಾಳೆ. ಹೇಗೆ ಬಂದಳು ಅನ್ನುವುದಕ್ಕೆ ಒಂದು ಮಾತಿಲ್ಲ.

"ವಾಕ್ಯಾನ ಅರ್ಧಕ್ಕೇ ಬಿಟ್ಟು ಇನ್ನೆಲ್ಲಿಗೋ ಹಾರ್ತಾರೆ! ಏನು ಧೈರ್ಯ ಅತ್ತಿಗೆ!"

ರಟ್ಟು ಕಟ್ಟಿದ ಪುಸ್ತಕವನ್ನು ವಾಪಸು ಕೊಡುವಾಗ ಲೈಬ್ರರಿಯವರ ಮುಂದೆಯೂ ಹೀಗೇ ಹೊಗಳಿದನಂತೆ. ಅಲ್ಲಿ ಭಾನುವಾರ ಸಂಜೆ ಓದುಗರೊಬ್ಬರು ಈಚೆಗೆ ಓದಿದ್ದರ ಬಗ್ಗೆ ಮಾತಾಡುವುದುಂಟು. "ಈ ವಾರ ನೀವೇ ಮಾತಾಡಿ" ಅಂದರು. ಇಪ್ಪತ್ತೆರಡು ವರ್ಷ ಹಿಂಬಾಗಿಲಿನಿಂದ ಕಟ್ಟು ಹೊತ್ತವನು ಮುಂಬಾಗಿಲಿನಿಂದ ಹೋಗಬೇಕಿತ್ತು. ಒಂದೇ ಅಂಗಿಗೆ ಎರಡು ಸಲ ಇಸ್ತ್ರಿ ಹಾಕಿದ.

ಭಾನುವಾರ ಮಧ್ಯಾಹ್ನ ಚೀಟಿ ಹಿಡಿದು ನನ್ನೆದುರು ಅಭ್ಯಾಸ ಮಾಡುತ್ತಿದ್ದ.

"ನೂರೈವತ್ತೆಂಟನೇ ಪುಟದಲ್ಲಿ ತಾಯಿ ತೀರ್ಕೋತಾಳೆ. ನೂರ ಮೂವತ್ತೊಂದನೇ ಪುಟದಲ್ಲಿ ಬಂದು ಬಾಚಣಿಗೆ ಹಿಡೀತಾಳೆ..."

ನನ್ನ ಕೈಯ ಸೂಜಿ ನಿಂತಿತು. ಈ ಪುಸ್ತಕ ಕಟ್ಟಿದ ದಿನ ಗಾಳಿಗೆ ಬಾಗಿಲು ಹೊಡೆದು ಫಾರಂಗಳ ಅಟ್ಟಿ ಕೆಳಗೆ ಬಿದ್ದಿತ್ತು. ಅವನು ಆರಿಸಿ ಕೊಟ್ಟ. ಪುಟದ ಅಂಕಿ ನೋಡಿ ಹೊಲಿಯುವುದು ನನ್ನ ಕೆಲಸ. ನಾನೋ ಆ ಹುಡುಗನ ಗತಿ ಏನಾಯಿತು ಅಂತ ಕಿವಿ ಕೊಟ್ಟು ಕೂತವಳು, ಒಂಬತ್ತನೆಯ ಫಾರಂ ಅನ್ನು ಹತ್ತು ಆದಮೇಲೆ ಹೊಲಿದುಬಿಟ್ಟಿದ್ದೆ.

ಹೇಳಲೋ ಬೇಡವೋ? ಹೇಳದಿದ್ದರೆ ಸರಿಯಾದ ಪ್ರತಿ ಓದಿದವರು ಒಬ್ಬರಿದ್ದರೂ ಸಾಕು, ನಾಲ್ಕು ಜನರೆದುರು ಇವನ ಮಾನ ಹೋಯಿತು. ಹೇಳಿದರೆ ಇವನ ಮುಖ ನೋಡುವುದು ಹೇಗೆ? ಆರು ವರ್ಷಕ್ಕೆ ತಾಯಿಯನ್ನು ಕಳೆದುಕೊಂಡವನು ಇವನು. ಹೊಸ ಸೊಸೆಯಾಗಿ ಬಂದ ನಾನು ಬಾಚಣಿಗೆ ಹಿಡಿದು ಇವನ ಹಿಂದೆ ಮನೆಯೆಲ್ಲ ಓಡುತ್ತಿದ್ದೆ. ಆಗಲೂ ಒಂದು ಕಡೆ ನಿಂತವನಲ್ಲ.

"ಅಲ್ಲ ಕಣೋ, ನೂರ ಮೂವತ್ತೊಂದು ಮುಂಚೆ ಬರುತ್ತೋ, ನೂರೈವತ್ತೆಂಟೋ?"

"ಏನತ್ತಿಗೆ, ವಯಸ್ಸಾಯ್ತು ಅಂತ ಎಣಿಸೋದೂ ಮರೆತ್ರಾ?" ಅಂತ ನಕ್ಕ. ನಗು ಅರ್ಧಕ್ಕೇ ನಿಂತಿತು. ಚೀಟಿ ನೋಡಿದ, ನನ್ನನ್ನು ನೋಡಿದ. ಆಮೇಲೆ ಕೂತ. ಹಗಲು ಹೊತ್ತಿನಲ್ಲಿ ಅವನು ಕೂತದ್ದು ಕಂಡು ನನಗೇ ಹೆದರಿಕೆಯಾಯಿತು.

"ಹೊಲಿದದ್ದು ಯಾರು?"

"ನಾನು. ಆರಿಸಿ ಕೊಟ್ಟದ್ದು ನೀನು."

"ಈಗ ಅಲ್ಲಿ ಹೋಗಿ ಏನು ಬೊಗಳಲಿ?"

"ಹೊಟ್ಟೆನೋವು ಅಂತ ಹೇಳಿ ಕಳಿಸ್ಲಾ?"

"ಅದೊಂದು ಬಾಕಿ ಇತ್ತು" ಅಂದು ಎದ್ದ. ಮೂರೂವರೆತನಕ ಕಿಟಕಿ, ಬಾಗಿಲು, ಕಿಟಕಿ. ಆಮೇಲೆ ಅಂಗಿ ತೊಟ್ಟ. ಚೀಟಿಯನ್ನು ಮೇಜಿನ ಮೇಲೇ ಬಿಟ್ಟ. ನಾನೂ ಹಿಂದೆಯೇ ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ.

ಅವನು ಈರುಳ್ಳಿ ಪುಸ್ತಕದ ಬಗ್ಗೆ ಹೇಳಿದ, ಜಗಳದ ಪುಸ್ತಕದ ಬಗ್ಗೆ ಹೇಳಿದ. ಜನ ನಕ್ಕರು. ಮೂರನೆಯದಕ್ಕೆ ಬಂದಾಗ ನಾನು ಸೆರಗಿನ ತುದಿಯನ್ನು ಹಿಂಡುತ್ತಿದ್ದೆ.

"ನಿಮ್ಮ ಕಪಾಟಲ್ಲಿರೋ ಈ ಪುಸ್ತಕ ತಪ್ಪಾಗಿದೆ. ಕಟ್ಟುವಾಗ ನಮ್ಮಲ್ಲೇ ಹಿಂದುಮುಂದಾಯ್ತು. ಬರೆದವರು ಆ ತಾಯೀನ ಸಾಯಿಸಿ ಸುಮ್ಮನಾಗಿದ್ದಾರೆ. ವಾಪಸು ಕರೆದದ್ದು ನಾವು."

ಲೈಬ್ರರಿಯವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಸತ್ತವರನ್ನ ಎಬ್ಬಿಸೋ ಬೈಂಡರ್ ಇದ್ದಾರಲ್ಲಪ್ಪ ನಮ್ಮ ಹತ್ರ!"

ಇವನು ನಗಲಿಲ್ಲ. "ಅವರು ಬರೆದದ್ದೇ ಸರಿ ಇರಬಹುದು ಸಾರ್. ನನಗೆ ಮಾತ್ರ ನಮ್ಮ ತಪ್ಪೇ ಹಿಡಿಸಿತ್ತು" ಅಂದು ಬಂದು ನನ್ನ ಪಕ್ಕ ನಿಂತ. ಜಾಗವಿದ್ದರೂ ಕೂರಲಿಲ್ಲ.

ಪುಸ್ತಕ ಮತ್ತೆ ನಮ್ಮಲ್ಲಿಗೇ ಬಂತು. ಸೋಮವಾರ ಬೆಳಿಗ್ಗೆ ಅವನು ದಾರ ಕೊಯ್ದ. ಈ ಸಲ ಅಂಕಿ ನೋಡಿ ನೋಡಿ ಎಂಟು ಫಾರಂ ಹೊಲಿದೆ.

"ಒಂಬತ್ತು ಕೊಡು."

"ಇರಿ ಅತ್ತಿಗೆ."

ಅದನ್ನು ಹಿಡಿದು ಕಿಟಕಿಗೆ ಹೋದ, ಬಾಗಿಲಿಗೆ ಹೋದ, ಮತ್ತೆ ಕಿಟಕಿಗೆ ಬಂದ. "ಇದಾದ್ಮೇಲೆ ಹತ್ತು ಬರುತ್ತೆ ಅಲ್ವಾ?" ಅಂದ, ನನಗೆ ಬೆನ್ನು ಹಾಕಿಕೊಂಡೇ.

"ಹೂಂ ಕಣಪ್ಪ, ಹತ್ತೇ ಬರುತ್ತೆ."

ಅವನು ಮೊದಲಿನಿಂದ ಓದತೊಡಗಿದ. ನಾನು ದಾರಕ್ಕೆ ಮೇಣ ಸವರುತ್ತ ಕೂತೆ.