ಬೆಳಕಿಂಡಿಯಿಂದ ಕಂಡ ಹಣೆ

ಅಕ್ಕನ ಹಣೆಯ ಮೇಲಿನ ಗೆರೆಗಳನ್ನು ಮೊದಲು ಕಂಡವಳು ನಾನೇ. ಕಂಡು ಸುಮ್ಮನಿರಲಿಲ್ಲ. ಆಕೆ ಜಳಕ ಮುಗಿಸಿ, ದೇವರ ಮುಂದೆ ಕೂತು, ಮೂರು ಬೆರಳಿಗೆ ವಿಭೂತಿ ಹಚ್ಚಿಕೊಂಡು ಹಣೆಗೆ ಒಯ್ಯುತ್ತಿದ್ದಳು.

"ಅಕ್ಕಾ, ನಿನಗ ವಿಭೂತಿ ಯಾಕಬೇ? ಮೂರು ಗೆರಿ ದೇವರಽ ಎಳದು ಕಳಿಸ್ಯಾನಲ್ಲ," ಅಂದೆ.

ಅವ್ವ ನಕ್ಕಳು. ಅಕ್ಕನೂ ನಕ್ಕಳು ಎಂದು ಬಹಳ ವರ್ಷ ನಂಬಿದ್ದೆ. ಈಗ ಅನುಮಾನ. ಆ ನಗುವನ್ನು ನಾನೇ ಆಮೇಲೆ ತಂದು ಆಕೆಯ ಮುಖಕ್ಕೆ ಅಂಟಿಸಿರಬಹುದು.

ಆಗ ಆಕೆಗೆ ಮೂವತ್ತೆಂಟು. ನಾನು ಮೂರು ವರ್ಷ ಚಿಕ್ಕವಳು. ಆಕೆಗಿಂತ ಮೊದಲೇ ಮದುವೆಯಾಗಿ ಅಣ್ಣಿಗೇರಿಗೆ ಹೋಗಿದ್ದೆ. ನನ್ನ ಮಗಳು ಆಗಲೇ ನನ್ನ ಭುಜಕ್ಕೆ ಬಂದಿದ್ದಳು. ಅಕ್ಕ ಸಂಶಿ ಹತ್ತಿರದ ನಮ್ಮೂರಲ್ಲೇ ಜಂಪರು ಹೊಲಿದುಕೊಂಡು ಅವ್ವನ ಜೊತೆ ಇದ್ದಳು. ಕಲಘಟಗಿ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗನಿಗೆ ನಲವತ್ತು. ಅಕ್ಕನಿಗೆ ಮೂವತ್ತು ಎಂದು ಅವ್ವ ಹೇಳಿ ಕಳಿಸಿದಳು. ಕಾಗದಪತ್ರ ಯಾರೂ ಕೇಳಲಿಲ್ಲ. ಕೂದಲು ಕಪ್ಪಗಿತ್ತು, ಮೈ ಗಟ್ಟಿಯಿತ್ತು. ಎಂಟು ವರ್ಷದ ಸುಳ್ಳಿಗೆ ಅಡ್ಡ ನಿಂತದ್ದು ಹಣೆಯೊಂದೇ. ಅವರು ನೋಡಲು ಬರುವುದಕ್ಕೆ ಎರಡು ತಿಂಗಳಿತ್ತು.

ಹುಬ್ಬಳ್ಳಿಯಿಂದ ಕ್ರೀಮು ತಂದುಕೊಟ್ಟವಳು ನಾನು. ಮೊಬೈಲಿನಲ್ಲಿ ವಿಡಿಯೋ ತೋರಿಸಿದವಳೂ ನಾನು. ಬಿಸಿಲಿಗೆ ಮುಖ ಒಡ್ಡಬೇಡಿ, ಮಗ್ಗುಲಾಗಿ ಮಲಗಬೇಡಿ, ಮುಖ ಮಡಚಿದಷ್ಟೂ ಗೆರೆ ಆಳವಾಗುತ್ತವೆ ಎಂದು ಅದರಲ್ಲಿ ಒಬ್ಬಾಕೆ ಹೇಳುತ್ತಿದ್ದಳು. ನಾನು ನೋಡಿ ಮರೆತೆ. ಅಕ್ಕ ಮರೆಯಲಿಲ್ಲ. ಮೆಣಸಿನಕಾಯಿ ಬಿಡಿಸಲು ಹೊಲಕ್ಕೆ ಹೋಗುವುದು ನಿಲ್ಲಿಸಿದಳು. ಗಾಯಕ್ಕೆ ಹಚ್ಚುವ ಪಟ್ಟಿಯನ್ನು ಹಣೆಗೆ ಅಡ್ಡ ಅಂಟಿಸಿಕೊಂಡು ಹೊಲಿಯಲು ಕೂಡುತ್ತಿದ್ದಳು. ಹುಬ್ಬು ಮೇಲೆ ಹೋದರೆ ಪಟ್ಟಿ ಜಗ್ಗುತ್ತಿತ್ತು, ಆಕೆ ಹುಬ್ಬು ಇಳಿಸುತ್ತಿದ್ದಳು. ಸೂಜಿಗೆ ದಾರ ಪೋಣಿಸುವಾಗ ಹಣೆ ಮಡಚುತ್ತದೆಂದು ಆ ಕೆಲಸ ಅವ್ವನಿಗೆ, ನಾನು ಬಂದಾಗ ನನಗೆ.

ವಿಭೂತಿಯನ್ನೂ ಬಿಟ್ಟಳು.

"ಬರೀ ಹಣಿ ನೋಡಾಕ ಆಗವಲ್ದು," ಅವ್ವ ಗೊಣಗಿದಳು.

"ಒಣಗಿದ ಮ್ಯಾಲ ಗೆರ್ಯಾಗ ಬೆಳ್ಳಗ ಕುಂದರತೈತಿ ಯವ್ವಾ. ಎಣಿಸಿದಂಗ ಕಾಣತಾವು."

ನಾನು ಏನೋ ಚಾಷ್ಟಿ ಮಾಡಿದೆ. ಆಕೆ ಎರಡೂ ಅಂಗೈಯಿಂದ ಕೆನ್ನೆ ಒತ್ತಿ ಹಿಡಿದುಕೊಂಡಳು. "ನಗಸಬ್ಯಾಡ ಲೇ. ಕೈ ಮುಗಿತೇನಿ."

ಅವರು ಬರುವ ದಿನ ನಾನು ಹೊಸ ಸೀರೆ ಉಟ್ಟು ಹೋಗಿದ್ದೆ. ಅವ್ವ ಅಡುಗೆ ಮನೆ ಬಾಗಿಲಲ್ಲೇ ತಡೆದಳು.

"ನೀ ಮಾಳಗಿ ಮ್ಯಾಲ ಹೋಗು. ಕಾಯಿ ತಿರುವಿ ಹಾಕು. ಅವರು ಹೋಗೂತನಕ ಇಳೀಬ್ಯಾಡ."

"ಯಾಕಬೇ? ನಾ ಏನು ಕಚ್ಚತೇನಿ?"

"ನಿನ್ನ ಮಾರಿ ನೋಡಿದ್ರ ಆಕಿ ವಯಸ್ಸು ಗೊತ್ತಾಗತೈತಿ."

ಆಕೆಯ ತಂಗಿಯೆಂದು ಹೇಳಿಕೊಳ್ಳಲಾರದಷ್ಟು ನನ್ನ ಮುಖ ಮಾಗಿತ್ತು. ಏಣಿ ಹತ್ತಿದೆ. ಮಣ್ಣಿನ ಮಾಳಿಗೆಯ ತುಂಬ ಕೆಂಪು ಮೆಣಸಿನಕಾಯಿ ಹರವಿತ್ತು. ನಡುವೆ ಪಡಸಾಲೆಗೆ ಬೆಳಕು ಬಿಡುವ ಬೆಳಕಿಂಡಿ. ಅದರ ಮುಚ್ಚಳ ಸರಿಸಿ, ಹೊಟ್ಟೆಯ ಮೇಲೆ ಮಲಗಿ ಕೆಳಗೆ ನೋಡಿದೆ. ಅಕ್ಕನ ಬೈತಲೆ, ಸೆರಗಿನ ಅಂಚು, ಚಹಾದ ತಟ್ಟೆ ಹಿಡಿದ ಕೈ ಕಾಣುತ್ತಿದ್ದವು. ಹುಡುಗನ ಸೋದರತ್ತೆ ಮಾತಾಡುತ್ತಿದ್ದಳು.

"ಈ ಜಂಪರ ನೀನಽ ಹೊಲದದ್ದಾ?"

"ಹೌದ್ರಿ."

"ಎಷ್ಟ ಸಣ್ಣ ಹೊಲಿಗಿ! ನಮ್ಮ ಊರಾಗೂ ಒಬ್ಬಾಕಿ ಅದಾಳ, ತೋಳು ಹಚ್ಚಿದ್ರ ಕೈ ಎತ್ತಾಕ ಬರಂಗಿಲ್ಲ."

ಎಲ್ಲರೂ ನಕ್ಕರು, ಅಕ್ಕನೊಬ್ಬಳನ್ನು ಬಿಟ್ಟು. ಅತ್ತೆಗೆ ಅದು ಗಂಭೀರ ಸ್ವಭಾವವಾಗಿ ಕಂಡಿತೇನೋ, "ಅಗದಿ ಶಾಂತ ಹುಡುಗಿ," ಅಂದಳು. ಸಂಬಂಧ ಕೂಡಿಬರುವ ಹಾಗಿತ್ತು.

ಮುಂದಿನದನ್ನು ಅವ್ವ ಸಾಯುವ ತನಕ ಒಂದೇ ರೀತಿ ಹೇಳಿದಳು. ಅತ್ತೆ ವೇಳೆ ಎಷ್ಟಾಯಿತೆಂದು ಕೇಳಿದಳು, ಬೇಕಂತಲೇ, ಗಡಿಯಾರ ಬಾಗಿಲ ಮೇಲಿತ್ತು, ಅಕ್ಕ ಕಣ್ಣೆತ್ತಿ ನೋಡಿದಳು, ಹಣೆ ಮಡಚಿತು. ನಾನೂ ಅದನ್ನೇ ಹೇಳುತ್ತ ಬಂದೆ. ಕೆಲವೊಮ್ಮೆ ನನ್ನಷ್ಟಕ್ಕೆ ಇನ್ನೊಂದು ಸೇರಿಸಿಕೊಂಡೆ: ಕಾಯಿಯ ಘಾಟಿಗೆ ನಾನು ಕೆಮ್ಮಿದೆ, ಅದಕ್ಕೆ ಆಕೆ ಮೇಲೆ ನೋಡಿದಳು.

ಆದರೆ ನನ್ನ ಕಣ್ಣಲ್ಲಿ ಉಳಿದಿರುವುದು ಬೇರೆ. ಆಕೆ ಬಾಗಿಲ ಮೇಲಿನ ಗಡಿಯಾರ ನೋಡಿದ್ದರೆ ನನಗೆ ಹೆಚ್ಚೆಂದರೆ ನೆತ್ತಿ ಕಾಣಬೇಕಿತ್ತು. ನನಗೆ ನೆನಪಿರುವುದು ಇಡೀ ಮುಖ. ನೇರ ನನ್ನತ್ತ ತಿರುಗಿದ ಕಣ್ಣು, ಏರಿದ ಹುಬ್ಬು, ಪೌಡರು ಬಿರುಕು ಬಿಟ್ಟು ಎದ್ದ ಮೂರು ಗೆರೆ.

ಅತ್ತೆ ಕಪ್ಪು ಕೆಳಗಿಟ್ಟಳು. "ಹುಡುಗಿ ಚಲೋ ಅದಾಳ್ರಿ. ಆದ್ರ ನಮ್ಮ ಹುಡುಗನ ಬಾಜೂಕ ನಿಂತ್ರ ಅಕ್ಕ ಅನ್ನಿಸ್ತಾಳ."

ಆಮೇಲೆ ಯಾವ ಸಂಬಂಧವೂ ಬರಲಿಲ್ಲ. ಅಕ್ಕ ಮರುದಿನದಿಂದ ವಿಭೂತಿ ಹಚ್ಚತೊಡಗಿದಳು, ಕ್ರೀಮಿನ ಡಬ್ಬಿಯಲ್ಲಿ ಗುಂಡಿ ಹಾಕಿಟ್ಟಳು. ಮುಖ ಮಾತ್ರ ಮತ್ತೆ ಸಡಿಲವಾಗಲಿಲ್ಲ. ಎರಡು ವರ್ಷದ ಹಿಂದೆ ಅವ್ವ ತೀರಿದಾಗ ಓಣಿಯ ಹೆಂಗಸರೆಲ್ಲ ಹಾಡಿಕೊಂಡು ಅತ್ತರು. ಅಕ್ಕನ ಕಣ್ಣಿಂದ ನೀರು ಇಳಿಯಿತು, ಗೋಡೆಯ ಮೇಲೆ ಇಳಿದ ಹಾಗೆ. "ಕಲ್ಲಾಗ್ಯಾಳ ನೋಡು," ಎಂದು ಯಾರೋ ನನ್ನ ಕಿವಿಯಲ್ಲಿ ಹೇಳಿದರು. ನಾನು ತಲೆಯಾಡಿಸಿದೆ.

ಕಳೆದ ತಿಂಗಳು ಹೋಗಿದ್ದೆ. ಮಾಳಿಗೆಯ ಮೇಲೆ ಕಾಯಿ ಹರವಿತ್ತು. ಅಕ್ಕ ಪಡಸಾಲೆಯಲ್ಲಿ ಯಾರದೋ ಜಂಪರಿಗೆ ಹುಕ್ಕು ಹಚ್ಚುತ್ತಿದ್ದಳು. ನಾನು ಮೇಲೆ ಹತ್ತಿ ಮುಚ್ಚಳ ಸರಿಸಿದೆ. ಅಲ್ಲಿಂದ ಏನೇನು ಕಾಣುತ್ತದೆ ನೋಡಬೇಕಿತ್ತು, ಅಷ್ಟೇ. ನೆತ್ತಿ ಕಂಡಿತು, ಅರ್ಧ ನರೆತದ್ದು. ಮತ್ತೇನೂ ಕಾಣಲಿಲ್ಲ.

"ಅಕ್ಕಾ," ಎಂದೆ.

ತಲೆ ಹಿಂದಕ್ಕೆ ಬಂತು. ಕಣ್ಣು ಮೇಲೆ ಬಂದವು. ಹಣೆ ಅಲುಗಲಿಲ್ಲ. ವಿಭೂತಿಯ ಪಟ್ಟೆ ಎಲ್ಲಿಯೂ ಒಡೆಯದೆ, ಹಚ್ಚಿದಂತೆಯೇ ಇತ್ತು.

"ಅವತ್ತೂ ಹಿಂಗಽ ಕರದಿದ್ದಿ," ಅಂದಳು.

ಕೆಮ್ಮಿದೆ ಎಂದು ಹೇಳಲು ಬಾಯಿ ತೆರೆದೆ.

"ಇಳದ ಬಾ. ಸೂಜ್ಯಾಗ ದಾರಾ ಪೋಣಸಬೇಕು."

ಇಳಿದು ಹೋದೆ. ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಸೂಜಿಯನ್ನು ಬೆಳಕಿಗೆ ಹಿಡಿದು, ಹುಬ್ಬೇರಿಸಿ ನೋಡಿದೆ. ಎರಡು ಸಲ ತಪ್ಪಿತು. ಆಕೆ ಕೈ ಚಾಚಿಕೊಂಡು, ನನ್ನ ಹಣೆಯನ್ನೇ ನೋಡುತ್ತ ಕೂತಿದ್ದಳು.