ಹಿಮದಲ್ಲಿ ಕುಳಿತವನ ಕಲ್ಲು

ನಂಬದವರು ನಮ್ಮೂರು ಮೋರಖಂಡಿಗೆ ಬಂದು ನನ್ನ ಬಲ ಅಂಗೈ ಮುಟ್ಟಿ ನೋಡಲಿ. ನಮ್ಮ ಮನೆಯವರು ಇಲ್ಲದ ಹೊತ್ತು ನೋಡಿ ಬನ್ನಿ, ಅಷ್ಟೇ. ದೆವ್ವದ ಮಾತೆತ್ತಿದರೆ ಬಿದ್ದು ಬಿದ್ದು ನಗುತ್ತಿದ್ದವಳು ನಾನು. ಕಥೆ ಕಟ್ಟುವ ಚಟ ನನಗಿಲ್ಲ.

ನನ್ನ ಗಂಡ ಜೆಸಿಬಿ ಓಡಿಸುತ್ತಾರೆ. ಹಿಮಾಲಯದ ಕಡೆ ರಸ್ತೆ ಕೆಲಸಕ್ಕೆ ಹೋಗಿದ್ದರು. ಅಲ್ಲಿ ಹಿಮ ಅಗೆಯುವಾಗ ಒಂದು ಹೆಣ ಸಿಕ್ಕಿತಂತೆ. ಎಷ್ಟು ನೂರು ವರ್ಷದ್ದೋ... ಚರ್ಮ, ಕೂದಲು ಎಲ್ಲ ಹಾಗೇ. ಚಕ್ಕಳಮಕ್ಕಳ ಹಾಕಿ ಕುಳಿತಿತ್ತಂತೆ. ಕೊರಳಲ್ಲಿ ತೊಗಲಿನ ಚೀಲ, ಅದರೊಳಗೆ ಗುಂಡನೆಯ ಕರಿ ಕಲ್ಲು. ಮುಟ್ಟಿದವರು ಉಳಿಯುವುದಿಲ್ಲ ಎಂದು ಅಲ್ಲಿನ ಕೂಲಿಗಳೆಲ್ಲ ದೂರ ಸರಿದರು.

ನಮ್ಮಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುವುದು, ಅವರು ಕೊರಳಲ್ಲಿ ಕಟ್ಟಿಕೊಂಡಿದ್ದ ಲಿಂಗವನ್ನು ಅವರ ಅಂಗೈಯಲ್ಲೇ ಇಟ್ಟು. ಕುಳಿತ ಹೆಣ, ಕೊರಳಲ್ಲಿ ಕಲ್ಲು ಕಂಡಕೂಡಲೇ ಇವರಿಗೆ ನಮ್ಮವನೇ ಯಾರೋ ಅನ್ನಿಸಿಬಿಟ್ಟಿದೆ. ಯಾರಿಗೂ ಕಾಣದಂತೆ ಚೀಲ ಬಿಚ್ಚಿಕೊಂಡು ಊರಿಗೆ ತಂದು ದೇವರ ಜಗಲಿಯ ಮೇಲಿಟ್ಟರು.

"ಲಿಂಗ ಅನಾಥ ಬಿಟ್ಟು ಬರಾಕ ಮನಸಾಗಲಿಲ್ಲ," ಅಂದರು. ನಾನೂ ಕೈಮುಗಿದೆ. ನನ್ನ ಬುದ್ಧಿಗೂ ಮಂಕು ಕವಿದಿತ್ತು.

ಮೂರನೇ ದಿನಕ್ಕೆ ಇವರ ಪಾದ ತಣ್ಣಗಾದವು. ಹೊರಗೆ ಕೆಂಡದಂಥ ಬಿಸಿಲು, ಇವರು ಎರಡು ಕೌದಿ ಹೊದ್ದು ಗಡಗಡ ನಡುಗುತ್ತಿದ್ದರು. ಹುಮನಾಬಾದಿನ ದವಾಖಾನೆಗೆ ಕರೆದೊಯ್ದೆ. ರಕ್ತ, ಎದೆ ಎಲ್ಲ ಪರೀಕ್ಷಿಸಿದ ಡಾಕ್ಟರು "ಎಲ್ಲಾ ಬರೋಬ್ಬರಿ ಅದರಿ" ಎಂದು ಕಳಿಸಿದರು. ವಾಪಸು ಬರುವ ಬಸ್ಸಿನಲ್ಲೇ ಇವರ ಮೊಬೈಲಿಗೆ ಸುದ್ದಿ ಬಂತು: ಆಮೇಲೆ ಆ ಹೆಣ ಎತ್ತಿ ಸಾಗಿಸಿದ ಇಬ್ಬರು ಸತ್ತರಂತೆ. ನಿಜವೋ ಸುಳ್ಳೋ ದೇವರೇ ಬಲ್ಲ.

ಆ ರಾತ್ರಿ ಕರೆಂಟು ಇರಲಿಲ್ಲ. ನಾನೂ ನಮ್ಮ ಅತ್ತೆಯೂ ಇವರ ಹಾಸಿಗೆಯ ಪಕ್ಕದಲ್ಲೇ ಇದ್ದೆವು. ತಂಪು ಸೊಂಟದವರೆಗೆ ಏರಿತ್ತು. ಆ ಸೆಕೆಯಲ್ಲೂ ಇವರ ಉಸಿರು ಹೊಗೆಯಂತೆ ಕಾಣುತ್ತಿತ್ತು... ಜಗಲಿಯ ಕಡೆಯಿಂದ ಟಪ್... ಟಪ್... ನೆನೆದ ತೊಗಲಿನ ವಾಸನೆ. ಬ್ಯಾಟರಿ ಬಿಟ್ಟು ನೋಡಿದರೆ ಚೀಲದಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅತ್ತೀ... ಈಗ ಏನ ಮಾಡಬೇಕ್ರಿ?"

ಅತ್ತೆ ಪಿಸುಗುಟ್ಟಿದರು. "ಸತ್ತವರದು ಸತ್ತವರ ಕೈಯಾಗೇ ಇರಬೇಕವ್ವ. ಅದು ಕೈ ಹುಡುಕಾಕತ್ತದ. ಮುಂಜಾನೆ ಕಲ್ಯಾಣಕ್ಕ ಹೋಗಿ ಮಠದಾಗ ಅಯ್ಯನೋರಿಗೆ ಕೇಳೋಣು."

"ಮುಂಜಾನಿತನಕ ಇವರು ಇರಬೇಕಲ್ರಿ!"

ಇವರ ಎದೆಯ ಮೇಲೆ ಕೈಯಿಟ್ಟೆ. ತಂಪು ಅಲ್ಲಿಗೂ ಬಂದಿತ್ತು. ಕಣ್ಣುಗುಡ್ಡೆಗಳು ಮೇಲೆ ಸಿಕ್ಕಿಕೊಂಡಿದ್ದವು. ನನಗೆ ಅಳು, ಸಿಟ್ಟು ಒಟ್ಟಿಗೇ ನುಗ್ಗಿತು. ಚೀಲದಿಂದ ಕಲ್ಲು ತೆಗೆದು ಬಲ ಅಂಗೈಯಲ್ಲಿಟ್ಟುಕೊಂಡು ಇವರ ಪಕ್ಕ ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟೆ.

"ಕೈ ಬೇಕಲ್ಲ ನಿನಗ? ನಂದು ತಗೋ. ಇವರನ್ನ ಬಿಡು..."

ತೊಟ್ಟಿಕ್ಕುವ ಸದ್ದು ನಿಂತಿತು. ನನ್ನ ಬೆರಳುಗಳು ಕಲ್ಲಿನ ಸುತ್ತ ತಾವಾಗಿಯೇ ಮುಚ್ಚಿಕೊಂಡವು. ಬಿಡಿಸಲು ಆಗಲಿಲ್ಲ. ಹೊರಗಿನಿಂದ ಇನ್ನೊಂದು ಕೈ ಅದುಮಿ ಹಿಡಿದ ಹಾಗಿತ್ತು...

ಬೆಳಗಾಗುವಾಗ ಇವರ ಮೈಯೆಲ್ಲ ಬೆವರು. "ಸೆಕಿ ಆಗಾಕತ್ತದ, ಕೌದಿ ತೆಗಿ," ಅಂದರು. ನನಗೆ ಗೋಳೋ ಎಂದು ಅಳು ಬಂತು. ಆಗಲೇ ಮುಷ್ಟಿ ಬಿಚ್ಚಿಕೊಂಡಿತು. ಒಳಗೆ ಕಲ್ಲಿರಲಿಲ್ಲ. ಅಂಗೈ ಮಾತ್ರ ಒದ್ದೆಯಾಗಿತ್ತು. ನಾನೂ ಅತ್ತೆಯೂ ಮನೆಯೆಲ್ಲ ತಡಕಾಡಿದೆವು, ಸಿಗಲಿಲ್ಲ.

ಇವರು ಈಗ ಗುಂಡುಕಲ್ಲಿನಂತಿದ್ದಾರೆ. ಹುಮನಾಬಾದಿನಲ್ಲೇ ಕೆಲಸ ಹಿಡಿದಿದ್ದಾರೆ. ನನಗೆ ಮಾತ್ರ ರೊಟ್ಟಿ ಮಾಡುವಾಗ ಹಂಚು ಕಾದಿದೆಯೋ ಇಲ್ಲವೋ ಬಲಗೈಗೆ ತಿಳಿಯುವುದಿಲ್ಲ. ಎಡಗೈ ಒಡ್ಡಿ ನೋಡುತ್ತೇನೆ. ಮೊದಲು ಅಂಗೈಯಷ್ಟೇ ತಣ್ಣಗಿತ್ತು, ಹೋದ ವಾರದಿಂದ ಮೊಣಕೈವರೆಗೆ ಬಂದಿದೆ.

ಇವರಿಗೆ ಇನ್ನೂ ಹೇಳಿಲ್ಲ. ಹೇಳಿದರೆ ನನ್ನನ್ನು ಬಿಡಿಸಲು ತಮ್ಮ ಕೈ ಚಾಚಿಬಿಡುತ್ತಾರೆ ಎಂಬ ಭಯ...